ಜಪಾನಿನ ಕಚೇರಿ ಫೋನಿನಲ್ಲಿ ಮೊದಲ ಮಾತಿಗೆ ಏನು ಹೇಳಬೇಕು?

ಏಪ್ರಿಲ್ 1ಕ್ಕೆ ಒಸಾಕಾದ ಕಂಪನಿಗೆ ಸೇರುತ್ತಿದ್ದೇನೆ, ಭಾಷೆ ತಕ್ಕಮಟ್ಟಿಗೆ ಬರುತ್ತದೆ, ಆದರೆ ಗ್ರಾಹಕರು ಫೋನಿನಲ್ಲಿ ಉಪಚಾರದ ಮಾತಿನಿಂದ ಶುರು ಮಾಡಿದರೆ ಏನು ಉತ್ತರಿಸಬೇಕೋ ತಿಳಿಯದು, ಹೇಳಿಕೊಡಿ ಅಕ್ಕಾ ಎಂದು ಬರೆದಿದ್ದೀರಿ. ನಾನು ಟೋಕಿಯೋಗೆ ಬಂದು ಇಪ್ಪತ್ತು ವರ್ಷವಾಯಿತು. ಬರುವ ಮುಂಚೆ ಈ ಪ್ರಶ್ನೆಯನ್ನು ನಾನು ಯಾರನ್ನೂ ಕೇಳಲಿಲ್ಲ. ಕೇಳಬೇಕಿತ್ತು.

ಕೆಲಸಕ್ಕೆ ಸೇರಿದ ಮೂರನೆಯ ವಾರ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು, ಫೋನು ಬಡಿದುಕೊಂಡಿತು. ಆ ಕಡೆಯವರು ತಮ್ಮ ಕಂಪನಿಯ ಹೆಸರು, ತಮ್ಮ ಹೆಸರು ಹೇಳಿ ‘ಒಸೆವಾ ನಿ ನತ್ತೆ ಒರಿಮಸ್’ ಎಂದರು. ತರಗತಿಯಲ್ಲಿ ಕಲಿತ ಅರ್ಥ ತಲೆಯಲ್ಲಿತ್ತು: ‘ನಿಮ್ಮಿಂದ ನಮಗೆ ಉಪಕಾರವಾಗುತ್ತಿದೆ’. ನಮ್ಮ ಗ್ರಾಹಕರ ಪಟ್ಟಿಯಲ್ಲಿ ಆ ಕಂಪನಿಯ ಹೆಸರು ಇರಲಿಲ್ಲ. ಹಾಗಾಗಿ ‘ನೀವು ಮೊದಲ ಬಾರಿಗೆ ಕರೆ ಮಾಡುತ್ತಿದ್ದೀರಲ್ಲವೇ?’ ಎಂದು ಕೇಳಿಬಿಟ್ಟೆ. ಅವರು ಒಂದು ಕ್ಷಣ ಸುಮ್ಮನಾದರು. ಆಮೇಲೆ ಕ್ಷಮೆ ಕೇಳಿದರು. ಏನೂ ತಪ್ಪು ಮಾಡದ ಮನುಷ್ಯ ನನ್ನಲ್ಲಿ ಕ್ಷಮೆ ಕೇಳಿದ್ದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ನಮ್ಮೂರಿನಲ್ಲಿ ಅಂಗಡಿಯ ಮುಂದೆ ಸಿಕ್ಕವರು ‘ಊಟ ಆಯಿತೇ?’ ಎಂದು ಕೇಳಿದರೆ ನಾವು ಏನು ಹೇಳುತ್ತೇವೆ? ಹೊಟ್ಟೆ ಹಸಿದಿದ್ದರೂ ‘ಆಯಿತು, ನಿಮ್ಮದು?’ ಎನ್ನುತ್ತೇವೆ. ಕೇಳಿದವರಿಗೆ ನಮ್ಮ ಅಡುಗೆಮನೆಯ ವರದಿ ಬೇಕಿಲ್ಲ. ನಾನು ನಿನ್ನನ್ನು ಕಂಡೆ, ನೀನೂ ನನ್ನನ್ನು ಕಂಡೆ, ಇನ್ನು ಮಾತಾಡೋಣ ಎಂಬುದು ಅದರ ಹುರುಳು. ‘ಒಸೆವಾ’ ಮಾಡುವ ಕೆಲಸವೂ ಅದೇ. ಸೆವಾ ಎಂದರೆ ಆರೈಕೆ, ನೆರವು. ನಮ್ಮ ‘ಸೇವೆ’ಗೂ ಅದಕ್ಕೂ ನಂಟಿದೆ ಎಂದು ನಾನು ಹೇಳುತ್ತಿಲ್ಲ, ಆದರೆ ನೆನಪಿಟ್ಟುಕೊಳ್ಳಲು ಕನ್ನಡದ ಕಿವಿಗೆ ಅದೊಂದು ಆಸರೆ. ಮೊದಲ ಬಾರಿ ಕರೆ ಮಾಡುವವರೂ ಬಹಳ ಮಟ್ಟಿಗೆ ಇದನ್ನೇ ಹೇಳುತ್ತಾರೆ. ವ್ಯವಹಾರದ ಇಮೇಲ್‌ಗಳ ಮೊದಲ ಸಾಲೂ ಇದೇ.

ಉತ್ತರ ಇಷ್ಟು: ‘ಕೊಚಿರಾ ಕೊಸೊ, ಒಸೆವಾ ನಿ ನತ್ತೆ ಒರಿಮಸ್’. ‘ಕೊಚಿರಾ ಕೊಸೊ’ ಎಂದರೆ ‘ಉಪಕಾರ ನಮಗೇ ಆಗಿದೆ’ ಎಂಬಂತೆ. ‘ನಿಮ್ಮದು?’ ಎಂದು ನಾವು ಮಾತನ್ನು ತಿರುಗಿಸುತ್ತೇವಲ್ಲ, ಅದೇ ತಿರುವು ಇದು. ಯೋಚಿಸಲು ನಿಲ್ಲಬೇಡಿ. ತಡವಾಗಿ ಬಂದ ಸರಿಯಾದ ಉತ್ತರಕ್ಕಿಂತ ತಕ್ಷಣ ಬಂದ ಸಾದಾ ಉತ್ತರ ಇಲ್ಲಿ ಎಷ್ಟೋ ಮೇಲು. ಮೌನವಾದರೆ ಆ ಕಡೆಯವರು ತಮ್ಮಿಂದಲೇ ಏನೋ ತಪ್ಪಾಯಿತು ಎಂದುಕೊಳ್ಳುತ್ತಾರೆ.

ಫೋನು ಎತ್ತುವಾಗ ‘ಮೊಶಿ ಮೊಶಿ’, ಅಂದರೆ ಅವರ ‘ಹಲೋ’, ಎನ್ನಬೇಡಿ. ಅದು ಮನೆಯವರಿಗೆ, ಗೆಳೆಯರಿಗೆ. ಕಚೇರಿಯಲ್ಲಿ ಮೊದಲು ಕಂಪನಿಯ ಹೆಸರು. ಮೂರು ರಿಂಗಿನೊಳಗೆ ಎತ್ತಬೇಕು; ಅದಕ್ಕಿಂತ ತಡವಾದರೆ ‘ಒಮತಸೆ ಇತಾಶಿಮಾಶಿತಾ’, ಅಂದರೆ ಕಾಯಿಸಿಬಿಟ್ಟೆವು ಎಂದು ಹೇಳಿ ಮುಂದುವರಿಯಬೇಕು. ನಿಮ್ಮದೇ ಕಂಪನಿಯ ಬೇರೆ ಶಾಖೆಯವರು ಕರೆ ಮಾಡಿದರೆ ‘ಒಸೆವಾ’ ಬರುವುದಿಲ್ಲ, ‘ಒತ್ಸುಕರೆಸಮ ದೆಸ್’ ಎನ್ನುತ್ತಾರೆ. ದಣಿದಿದ್ದೀರಿ ಎಂಬ ಅರ್ಥ ಅದರೊಳಗಿದೆ. ನೀವೂ ಅದನ್ನೇ ಹೇಳಿದರೆ ಸಾಕು; ನನಗೇನೂ ದಣಿವಿಲ್ಲ ಎಂದು ವಿವರಿಸಬೇಡಿ.

ಕನ್ನಡದವರಾದ ನಮಗೆ ನಿಜವಾಗಿ ಕಷ್ಟವಾಗುವುದು ಬೇರೆಯೇ. ಮೇಲಧಿಕಾರಿಯ ಬಗ್ಗೆ ಯಾರ ಮುಂದೆಯೇ ಆಗಲಿ ‘ಸಾಹೇಬರು ಹೊರಗೆ ಹೋಗಿದ್ದಾರೆ’ ಎನ್ನುವುದು ನಮ್ಮ ನಾಲಿಗೆಯ ಸಂಸ್ಕಾರ. ಜಪಾನಿನಲ್ಲಿ ಹೊರಗಿನವರೊಡನೆ ಮಾತಾಡುವಾಗ ನಿಮ್ಮ ಮೇಲಧಿಕಾರಿಯೂ ನಿಮ್ಮ ಮನೆಯವರೇ. ಅವರ ಹೆಸರಿಗೆ ಗೌರವದ ‘ಸಾನ್’ ಸೇರಿಸಿದರೆ ನಮ್ಮವರನ್ನು ನಾವೇ ಹೊಗಳಿಕೊಂಡಂತಾಗುತ್ತದೆ. ಎದುರಿಗೆ ‘ತನಾಕಾ ಸಾನ್’ ಎಂದು ಕರೆಯುವ ಹಿರಿಯರನ್ನು ಫೋನಿನಲ್ಲಿ ಬರೀ ‘ತನಾಕಾ’ ಎನ್ನಬೇಕು. ನನಗೆ ಇದು ಬಾಯಿಗೆ ಬರಲು ಒಂದು ವರ್ಷವೇ ಬೇಕಾಯಿತು. ಅವರು ಪಕ್ಕದಲ್ಲೇ ಕುಳಿತಿರುವಾಗ ಹಾಗೆ ಹೇಳಲು ಎದೆ ಅಳುಕುತ್ತಿತ್ತು. ಅವರಿಗೆ ಅದರಿಂದ ನೋವಾಗುವುದಿಲ್ಲ, ಹಾಗೆ ಹೇಳದಿದ್ದರೆ ಮುಜುಗರವಾಗುತ್ತದೆ ಎಂಬುದನ್ನು ನಂಬಿ.

ಇನ್ನು ‘ಚೆನ್ನಾಗಿದ್ದೀರಾ?’ ಎಂಬ ನಮ್ಮ ಪ್ರಶ್ನೆ. ‘ಗೆಂಕಿ ದೆಸ್ ಕಾ’ ಎಂದು ಪಠ್ಯಪುಸ್ತಕದಲ್ಲಿ ಕಲಿತಿರುತ್ತೀರಿ. ಪರಿಚಯವಿಲ್ಲದ ಗ್ರಾಹಕರಿಗೆ ಫೋನಿನಲ್ಲಿ ಅದನ್ನು ಕೇಳಬೇಡಿ, ಸಲುಗೆ ಹೆಚ್ಚಾಗುತ್ತದೆ. ಪರಿಚಯವಾದ ಮೇಲೆ ಅವರಾಗಿಯೇ ಹವೆಯ ಮಾತು ತೆಗೆಯುತ್ತಾರೆ: ಜೂನಿನ ಮಳೆ, ಆಗಸ್ಟಿನ ಧಗೆ, ಸೆಪ್ಟೆಂಬರಿನ ಚಂಡಮಾರುತ. ‘ಬಿಸಿಲು ವಿಪರೀತ ಅಲ್ಲವೇ’ ಎಂದರೆ ‘ಸೋ ದೆಸ್ ನೆ’ ಎಂದು ಒಪ್ಪಿಕೊಳ್ಳಿ. ನಮ್ಮ ಕಲಬುರಗಿಯಲ್ಲಿ ಇದಕ್ಕಿಂತ ಹೆಚ್ಚು ಎಂದು ಹೋಲಿಕೆಗೆ ಇಳಿಯಬೇಡಿ. ನಾನು ಇಳಿದಿದ್ದೇನೆ, ಮಾತು ಅಲ್ಲಿಗೇ ನಿಂತುಹೋಗುತ್ತದೆ.

ನೀವು ಹೋಗುತ್ತಿರುವುದು ಒಸಾಕಾಗೆ. ಆ ಊರಿನ ವ್ಯಾಪಾರಿಗಳ ಹಳೆಯ ಕುಶಲಪ್ರಶ್ನೆಯೊಂದು ನಿಮ್ಮ ಕಿವಿಗೆ ಬೀಳಬಹುದು: ‘ಮೋಕರಿಮಕ್ಕಾ?’, ಲಾಭ ಆಗುತ್ತಿದೆಯೇ ಎಂದು. ಅದಕ್ಕೆ ಉತ್ತರ ‘ಬೊಚಿ ಬೊಚಿ’, ಹೇಗೋ ನಡೆದಿದೆ. ಈಗ ದಿನನಿತ್ಯ ಯಾರೂ ಅಷ್ಟಾಗಿ ಹೇಳುವುದಿಲ್ಲ. ಆದರೂ ಎಷ್ಟು ಲಾಭ ಎಂಬ ಲೆಕ್ಕ ಕೊಡದೆ, ಕೇಳಿದವರನ್ನು ನಿರಾಶೆಗೊಳಿಸದೆ ಹೇಳುವ ಆ ಉತ್ತರ ನನಗೆ ತುಂಬಾ ಇಷ್ಟ.

ಕೊನೆಯಲ್ಲಿ ‘ಶಿತ್ಸುರೇ ಇತಾಶಿಮಸ್’, ಅಂದರೆ ಅಪ್ಪಣೆ ಕೊಡಿ ಎಂಬಂತೆ, ಹೇಳಿ, ಕರೆ ಮಾಡಿದವರು ಮೊದಲು ಫೋನು ಇಡಲಿ ಎಂದು ಕಾಯಿರಿ. ನೀವೇ ಇಡಬೇಕಾದಾಗ ರಿಸೀವರನ್ನು ಕುಕ್ಕಬೇಡಿ, ಮೊದಲು ಬೆರಳಿನಿಂದ ಕರೆ ಕಡಿಯುವ ಗುಂಡಿ ಒತ್ತಿ. ಕಾಣದವರಿಗೂ ತಲೆಬಾಗುವ ಸಹೋದ್ಯೋಗಿಗಳನ್ನು ನೋಡುತ್ತೀರಿ. ನೀವೂ ಬಾಗಿ, ದನಿ ತಾನಾಗಿ ಮೃದುವಾಗುತ್ತದೆ.

ಅಂಜಬೇಡಿ. ನಿಮ್ಮ ಜೊತೆ ಸೇರುವ ಜಪಾನಿ ಹುಡುಗ ಹುಡುಗಿಯರಿಗೂ ಕಚೇರಿಯ ಫೋನೆಂದರೆ ಭಯ. ಅವರಿಗೂ ಏಪ್ರಿಲ್‌ನಲ್ಲಿ ಇದನ್ನೆಲ್ಲ ಕೂರಿಸಿ ಕಲಿಸುತ್ತಾರೆ. ಮಾರ್ಚ್ ಕೊನೆಯ ಭಾನುವಾರ ನಾನೇ ಗ್ರಾಹಕಳಾಗಿ ನಿಮಗೆ ಕರೆ ಮಾಡುತ್ತೇನೆ. ಹತ್ತು ಸಲ ‘ಒಸೆವಾ’ ಹೇಳಿ ಅಭ್ಯಾಸ ಮಾಡೋಣ, ಆಮೇಲೆ ಊಟ ಆಯಿತೇ ಎಂದು ಕೇಳುತ್ತೇನೆ.