ಮಾಯಾ ಜನ ಅಷ್ಟೊಂದು ಕ್ರೂರಿಗಳಾಗಿದ್ದರೇ?

ಪ್ರಶ್ನೆ: ಮೆಲ್ ಗಿಬ್ಸನ್ ನಿರ್ದೇಶಿಸಿದ ‘ಅಪೊಕಲಿಪ್ಟೊ’ ಚಿತ್ರವನ್ನು ಇತ್ತೀಚೆಗೆ ನೋಡಿದೆ. ಕಾಡಿನ ಹಳ್ಳಿಯ ಜನರನ್ನು ಸೆರೆಹಿಡಿದು ನಗರಕ್ಕೆ ಎಳೆದೊಯ್ದು, ಪಿರಮಿಡ್ಡಿನ ನೆತ್ತಿಯಲ್ಲಿ ಒಬ್ಬೊಬ್ಬರನ್ನಾಗಿ ಬಲಿಕೊಡುವ ದೃಶ್ಯಗಳು ನಿದ್ದೆಗೆಡಿಸಿದವು. ಮಾಯಾ ನಾಗರಿಕತೆ ನಿಜಕ್ಕೂ ಹೀಗಿತ್ತೇ? ನನ್ನ ಹನ್ನೆರಡು ವರ್ಷದ ಮಗನೂ ನೋಡುತ್ತೇನೆಂದು ಹಟ ಹಿಡಿದಿದ್ದಾನೆ. ತೋರಿಸಬಹುದೇ?
– ಓದುಗರೊಬ್ಬರು

ಉತ್ತರ: 2006ರಲ್ಲಿ ತೆರೆಕಂಡ ಈ ಚಿತ್ರಕ್ಕೆ ಸಲ್ಲಬೇಕಾದ ಮೆಚ್ಚುಗೆಯನ್ನು ಮೊದಲು ಸಲ್ಲಿಸುತ್ತೇನೆ. ಪಾತ್ರಗಳೆಲ್ಲ ಆಡುವುದು ಯುಕಟೆಕ್ ಮಾಯಾ ಭಾಷೆಯನ್ನು. ಮೆಕ್ಸಿಕೊದಲ್ಲಿ ಇಂದಿಗೂ ಲಕ್ಷಾಂತರ ಜನರ ಮನೆಮಾತಾಗಿರುವ ಭಾಷೆಯೊಂದನ್ನು ದೊಡ್ಡ ಪರದೆಗೆ ತಂದದ್ದು ಸಣ್ಣ ಸಾಹಸವಲ್ಲ. ಬಸುರಿ ಹೆಂಡತಿಯನ್ನೂ ಮಗುವನ್ನೂ ಆಳವಾದ ಹೊಂಡದಲ್ಲಿ ಬಚ್ಚಿಟ್ಟುಹೋದ ನಾಯಕ ಅವರನ್ನು ಮತ್ತೆ ಸೇರಲು ಓಡುವ ಓಟ ಉಸಿರು ಬಿಗಿಹಿಡಿಸುತ್ತದೆ. ಆದರೆ ಅದನ್ನು ಇತಿಹಾಸವೆಂದು ಒಪ್ಪಿಕೊಳ್ಳುವುದು ನನ್ನಿಂದಾಗದು.

ಮಾಯಾ ಜನರಲ್ಲಿ ನರಬಲಿ ಇತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಮೆಕ್ಸಿಕೊದ ಚಿಯಾಪಾಸ್ ಪ್ರಾಂತ್ಯದಲ್ಲಿರುವ ಪ್ರಾಚೀನ ಮಾಯಾ ನಗರ ಬೋನಾಂಪಾಕ್‌ನಲ್ಲಿ ಸುಮಾರು 790ರ ಭಿತ್ತಿಚಿತ್ರಗಳಿವೆ. ಅಲ್ಲಿ ಮೆಟ್ಟಿಲುಗಳ ಮೇಲೆ ಕುಸಿದು ಕುಳಿತ ಸೆರೆಯಾಳುಗಳ ಬೆರಳ ತುದಿಗಳಿಂದ ರಕ್ತ ತೊಟ್ಟಿಕ್ಕುತ್ತಿದೆ. ಆದರೆ ಮಾಯಾ ಶಾಸನಗಳಲ್ಲಿ ಹೆಸರು ಹಿಡಿದು ಹೇಳಲಾದ ಸೆರೆಯಾಳುಗಳು ಬಹುಮಟ್ಟಿಗೆ ಯುದ್ಧದಲ್ಲಿ ಸೋತ ರಾಜರು ಮತ್ತು ಕುಲೀನರು. ಚಿತ್ರದಲ್ಲಿ ಕಾಣುವ ಸಾಲುಸಾಲು ಬಲಿ ಸಾವಿರ ಕಿಲೋಮೀಟರಿನಷ್ಟು ದೂರದಲ್ಲಿ, ಮಧ್ಯ ಮೆಕ್ಸಿಕೊದಲ್ಲಿದ್ದ ಅಜ್ಟೆಕ್ ಎಂಬ ಬೇರೆಯೇ ಜನರ ರಾಜಧಾನಿ ಟೆನೊಚ್‌ಟಿಟ್ಲಾನ್‌ನ ವರ್ಣನೆಗಳನ್ನು ನೆನಪಿಸುತ್ತದೆ. ಕಾಲದ ಲೆಕ್ಕವೂ ಹೀಗೆಯೇ ಕಲಸಿಹೋಗಿದೆ: ಟಿಕಾಲ್‌ನಂಥ ದಕ್ಷಿಣದ ಮಹಾನಗರಗಳು ಒಂಬತ್ತು–ಹತ್ತನೆಯ ಶತಮಾನಗಳಲ್ಲೇ ಬರಿದಾಗಿದ್ದವು, ಸ್ಪೇನಿನ ಹಡಗುಗಳು ಉತ್ತರದ ಮಾಯಾ ನೆಲವಾದ ಯುಕಟಾನ್ ತೀರ ಮುಟ್ಟಿದ್ದು ಹದಿನಾರನೆಯ ಶತಮಾನದ ಆರಂಭದಲ್ಲಿ. ಚಿತ್ರ ಈ ಎರಡನ್ನೂ ಕೆಲವೇ ದಿನಗಳ ಕಥೆಯೊಳಗೆ ತುರುಕಿದೆ.

ನನಗೆ ಎಲ್ಲಕ್ಕಿಂತ ನೋವಾದದ್ದು ಸೂರ್ಯಗ್ರಹಣದ ದೃಶ್ಯದಿಂದ. ಬಲಿಪೀಠದ ಮೇಲೆ ನಾಯಕನ ಸರದಿ ಬಂದಾಗ ಸೂರ್ಯ ಮರೆಯಾಗುತ್ತಾನೆ, ಜನ ದಿಗಿಲುಬೀಳುತ್ತಾರೆ, ರಾಜನೂ ಪುರೋಹಿತನೂ ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಇವರಿಗೆ ಮೊದಲೇ ಗೊತ್ತಿತ್ತು ಎಂಬ ಸೂಚನೆಯೇನೋ ಇದೆ, ಆದರೆ ಅಷ್ಟು ದೊಡ್ಡ ವಿದ್ಯೆ ಅಲ್ಲಿ ಮೋಸದ ಉಪಕರಣವಾಗಿ ಮಾತ್ರ ಕಾಣುತ್ತದೆ. ಡ್ರೆಸ್ಡೆನ್ ಹಸ್ತಪ್ರತಿಯೆಂದು ಕರೆಯಲಾಗುವ ಮಾಯಾ ಪುಸ್ತಕದಲ್ಲಿ 405 ಚಾಂದ್ರಮಾಸಗಳ, ಅಂದರೆ 11,960 ದಿನಗಳ ಗ್ರಹಣ ಕೋಷ್ಟಕವಿದೆ. ಗ್ರಹಣ ಯಾವಾಗ ಸಂಭವಿಸಬಹುದೆಂದು ತಲೆಮಾರುಗಳ ಕಾಲ ಆಕಾಶ ನೋಡಿ ಲೆಕ್ಕ ಹಾಕಿದ ಕೆಲಸವದು. 1562ರಲ್ಲಿ ಸ್ಪೇನಿನ ಪಾದ್ರಿ ಡಿಯೆಗೊ ದೆ ಲಾಂಡಾ ಯುಕಟಾನ್‌ನ ಮಾನಿ ಎಂಬ ಊರಿನಲ್ಲಿ ಮಾಯಾ ಗ್ರಂಥಗಳನ್ನು ಸುಡಿಸಿದ. ಇಂಥ ದಹನಗಳನ್ನು ದಾಟಿ ನಮ್ಮವರೆಗೆ ಬಂದ ಪುಸ್ತಕಗಳು ಬೆರಳೆಣಿಕೆಯಷ್ಟು. ಆ ಜನರ ಆಕಾಶಜ್ಞಾನ ಹೀಗಿರುವಾಗ, ಚಿತ್ರದಲ್ಲಿ ಗ್ರಹಣವಾದ ದಿನದ ರಾತ್ರಿಯೇ ಹುಣ್ಣಿಮೆಯ ಚಂದ್ರ ಮೂಡುತ್ತಾನೆ! ಸೂರ್ಯಗ್ರಹಣ ಅಮಾವಾಸ್ಯೆಯಂದು ಮಾತ್ರ ಆಗುವುದೆಂದು ಬಲ್ಲ ಯಾವ ಮಾಯಾ ಲಿಪಿಕಾರನೂ ಈ ತಪ್ಪು ಮಾಡುತ್ತಿರಲಿಲ್ಲ.

ನಿಮ್ಮ ಮಗನಿಗೆ ಈಗ ತೋರಿಸಬೇಡಿ. ಅಮೆರಿಕದಲ್ಲಿ ಇದಕ್ಕೆ ‘ಆರ್’ ಪ್ರಮಾಣಪತ್ರ ಸಿಕ್ಕಿದೆ; ಹದಿನೇಳು ತುಂಬದವರು ಹಿರಿಯರಿಲ್ಲದೆ ಚಿತ್ರಮಂದಿರದಲ್ಲಿ ನೋಡುವಂತಿಲ್ಲ. ಕುತೂಹಲ ಹುಟ್ಟಿದೆಯಾದರೆ ಡ್ರೆಸ್ಡೆನ್ ಹಸ್ತಪ್ರತಿಯ ಪುಟಗಳ ಚಿತ್ರಗಳನ್ನು ಮುಂದಿಟ್ಟುಕೊಂಡು ಇಬ್ಬರೂ ಕುಳಿತುಕೊಳ್ಳಿ. ಚುಕ್ಕೆ ಒಂದು, ಅಡ್ಡಗೆರೆ ಐದು, ಚಿಪ್ಪಿನಾಕಾರದ ಗುರುತು ಸೊನ್ನೆ. ಇಷ್ಟು ಹೇಳಿಕೊಟ್ಟರೆ ಹತ್ತೊಂಬತ್ತರವರೆಗಿನ ಅಂಕಿಗಳನ್ನು ಅವನೇ ಓದಿಬಿಡುತ್ತಾನೆ.