ದೇವರನ್ನು ನಂಬದೆ ಪೇಗನ್ ಆಗಬಹುದಾ? ಆಗಬಹುದು, ಗುಂಪು ನೋಡಿ ಸೇರಿ

ನೀವು ಓದಲು ಇಂಗ್ಲೆಂಡಿಗೆ ಬಂದಿದ್ದೀರಿ. ದೇವರಲ್ಲಿ ನಂಬಿಕೆ ಇಲ್ಲ. ಕ್ಲಾಸಿನ ಗೆಳತಿಯೊಬ್ಬರು ಡಿಸೆಂಬರಿನ ಸಾಲ್‌ಸ್ಟಿಸ್‌ಗೆ, ಅಂದರೆ ವರ್ಷದ ಅತಿ ಚಿಕ್ಕ ಹಗಲಿನ ಹಬ್ಬಕ್ಕೆ, ಪುರಾತನ ಕಲ್ಲುಗಳ ವೃತ್ತವಿರುವ ಏವ್‌ಬರಿಗೆ ಕರೆದಿದ್ದಾರೆ. ನಂಬದೇ ಇರುವವರು ಅಲ್ಲಿ ಹೋಗಿ ನಿಂತರೆ ಅದು ನಾಟಕ ಆಗುವುದಿಲ್ಲವಾ, ಅಂಥವರು ಪೇಗನ್, ಅಂದರೆ ಕ್ರೈಸ್ತ ಧರ್ಮಕ್ಕೂ ಮುಂಚಿನ ಹಬ್ಬ, ಪ್ರಕೃತಿ ಪೂಜೆಗಳಿಂದ ಸ್ಫೂರ್ತಿ ಪಡೆದವರು, ಆಗಲು ಸಾಧ್ಯವಾ ಅಂತ ಕೇಳಿದ್ದೀರಿ. ಸಾಧ್ಯ. ನಾನು ಬ್ರಿಸ್ಟಲ್‌ನಲ್ಲಿದ್ದೇನೆ, ನಾಸ್ತಿಕ, ಮತ್ತು ಈ ಹಬ್ಬಗಳನ್ನು ಮಾಡುತ್ತೇನೆ.

ನಂಬಿಕೆ ಮೊದಲು, ಆಚರಣೆ ಆಮೇಲೆ ಅನ್ನುವ ಲೆಕ್ಕ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಒಂದು ಒಳ್ಳೆಯ ಕಥೆ ಇದೆ. ಅಮೆರಿಕದ ಮಿನ್ನೆಸೋಟಾದಲ್ಲಿ ಕಾರ್ಲ್‌ಟನ್ ಅಂತ ಒಂದು ಕಾಲೇಜು. ಅಲ್ಲಿ ವಿದ್ಯಾರ್ಥಿಗಳು ಧಾರ್ಮಿಕ ಪ್ರಾರ್ಥನೆಗೆ ಹಾಜರಾಗಲೇಬೇಕು ಅನ್ನುವ ನಿಯಮ ಇತ್ತು. 1963ರಲ್ಲಿ ಕೆಲವು ಹುಡುಗರು, 'ಸರಿ ಹಾಗಾದರೆ, ನಮ್ಮದೂ ಒಂದು ಧರ್ಮ, ನಾವು ಡ್ರೂಯಿಡ್‌ಗಳು' (ಹಳೆಯ ಕೆಲ್ಟಿಕ್ ಜನರ ಪುರೋಹಿತರು) ಅಂತ ಹೇಳಿ ಹೊರಗೆ ಬಯಲಿನಲ್ಲಿ ಸೇರತೊಡಗಿದರು. ತಮಾಷೆಗೆ, ಪ್ರತಿಭಟನೆಗೆ. ಮರುವರ್ಷ ಕಾಲೇಜು ನಿಯಮವನ್ನೇ ತೆಗೆಯಿತು. ಅಲ್ಲಿಗೆ ಡ್ರೂಯಿಡ್‌ಗಳ ಅಂಗಡಿ ಮುಚ್ಚಬೇಕಿತ್ತು, ಅಲ್ವಾ? ಮುಚ್ಚಲಿಲ್ಲ. ಮರದ ಕೆಳಗೆ ಕೂರುವುದು ಅವರಿಗೆ ನಿಜಕ್ಕೂ ಹಿಡಿಸಿಬಿಟ್ಟಿತ್ತು. 'ರಿಫಾರ್ಮ್ಡ್ ಡ್ರೂಯಿಡ್ಸ್ ಆಫ್ ನಾರ್ತ್ ಅಮೆರಿಕ' ಹುಟ್ಟಿದ್ದು ಹೀಗೆ. ಅವರ ಮೂಲ ಮಾತು ತುಂಬಾ ಚಿಕ್ಕದು: ಪ್ರಕೃತಿ ಒಳ್ಳೆಯದು, ಸತ್ಯವನ್ನು ಹುಡುಕಲು ಅದೂ ಒಂದು ದಾರಿ. ಯಾವ ದೇವರು, ಎಷ್ಟು ದೇವರು ಅಂತ ಕೇಳುವವರಿಲ್ಲ.

ಆದರೆ ಎಲ್ಲ ಗುಂಪುಗಳೂ ಒಂದೇ ಅಲ್ಲ. ವಿಕ್ಕಾ ಅನ್ನುವ ಆಧುನಿಕ ಪೇಗನ್ ಪಂಥದ ಒಳಗುಂಪುಗಳಲ್ಲಿ ದೇವಿ ಮತ್ತು ದೇವ ಇಬ್ಬರನ್ನೂ ಕರೆಯುತ್ತಾರೆ, ದೀಕ್ಷೆ ಇರುತ್ತದೆ. ಅದನ್ನು ಬರೀ ಸಂಕೇತ ಅಂತ ತಿಳಿಯುವ ವಿಕ್ಕನ್ನರೂ ಇದ್ದಾರೆ, ಆದರೂ ನಾಸ್ತಿಕರಿಗೆ ಅಲ್ಲಿ ಸ್ವಲ್ಪ ಮುಜುಗರ ಆಗುತ್ತದೆ. ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ದೇವರುಗಳನ್ನು ಪೂಜಿಸುವವರಲ್ಲಿ ಹೆಚ್ಚಿನವರಿಗೆ ಆ ದೇವರುಗಳು ನಿಜವಾದ ದೇವರುಗಳೇ. ಡ್ರೂಯಿಡ್ ಗುಂಪುಗಳು ಸಡಿಲ. ರಾಸ್ ನಿಕೋಲ್ಸ್ 1964ರಲ್ಲಿ ಕಟ್ಟಿದ, ಇಲ್ಲಿ ಒಬಾಡ್ (ಆರ್ಡರ್ ಆಫ್ ಬಾರ್ಡ್ಸ್, ಓವೇಟ್ಸ್ ಅಂಡ್ ಡ್ರೂಯಿಡ್ಸ್) ಅಂತ ಕರೆಯುವ ಡ್ರೂಯಿಡ್ ಸಂಘಕ್ಕೆ ಯಾವ ನಂಬಿಕೆಯವರೂ, ನಂಬಿಕೆ ಇಲ್ಲದವರೂ ಸೇರಬಹುದು. ಇನ್ನು ನೇರವಾಗಿ ನಮ್ಮಂಥವರಿಗಾಗಿಯೇ ಇರುವುದು ಏಥಿಯೋಪೇಗನಿಸಂ. ಕ್ಯಾಲಿಫೋರ್ನಿಯಾದ ಪರಿಸರ ಕಾರ್ಯಕರ್ತ ಮಾರ್ಕ್ ಗ್ರೀನ್ ಶುರು ಮಾಡಿದ್ದು. ಜೀವ, ಪ್ರೀತಿ, ಚೆಲುವು, ಸತ್ಯ ಈ ನಾಲ್ಕನ್ನು ಮಾತ್ರ ಪವಿತ್ರ ಅನ್ನುತ್ತಾರೆ. ಹಬ್ಬ ಉಂಟು, ದೀಪ ಉಂಟು, ಡ್ರಮ್ಮೂ ಉಂಟು. ಮೇಲಿನವರು ಮಾತ್ರ ಯಾರೂ ಇಲ್ಲ.

ನನ್ನನ್ನು ಇದರೊಳಗೆ ಎಳೆದದ್ದು ತತ್ವ ಅಲ್ಲ, ಇಲ್ಲಿನ ಕತ್ತಲೆ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ 11 ಗಂಟೆ ದಾಟುತ್ತದೆ. ಬ್ರಿಸ್ಟಲ್‌ನಲ್ಲಿ ಡಿಸೆಂಬರ್ 21ರ ಸುಮಾರಿಗೆ ಹಗಲು 8 ಗಂಟೆಯೂ ಇರುವುದಿಲ್ಲ, ಸಂಜೆ 4ಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಜೂನ್‌ನಲ್ಲಿ ಅದೇ ಹಗಲು ಹದಿನಾರೂವರೆ ಗಂಟೆ. ಭೂಮಿ 23.4 ಡಿಗ್ರಿ ವಾಲಿದೆ ಅಂತ ಶಾಲೆಯಲ್ಲಿ ಓದಿ ಮಾರ್ಕ್ಸ್ ತಗೊಂಡಿದ್ದೆವು. ಇಲ್ಲಿ ಅದು ಮೈಗೆ ತಗಲುತ್ತದೆ. ಆಫೀಸಿಗೆ ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. 'ಇವತ್ತಿಗೆ ತಳ ಮುಟ್ಟಿತು, ನಾಳೆಯಿಂದ ಹಗಲು ಬೆಳೆಯುತ್ತದೆ' ಅಂತ ಜನ ಒಂದು ಕಡೆ ಸೇರಿ ಬೆಂಕಿ ಹಚ್ಚುವುದಕ್ಕೆ ಯಾವ ದೇವರ ಸಾಕ್ಷಿಯೂ ಬೇಕಿಲ್ಲ. ಸೂರ್ಯ ತಿರುಗುವುದು ನಾವು ನಂಬುತ್ತೇವೆ ಅಂತಲ್ಲ.

ನಮ್ಮ ಉತ್ತರಾಯಣವೂ ಇದೇ ಘಟನೆಯ ನೆನಪು. ಅಯನ ಚಲನೆಯಿಂದಾಗಿ, ಅಂದರೆ ಭೂಮಿಯ ಅಕ್ಷ ನಿಧಾನವಾಗಿ ದಿಕ್ಕು ಬದಲಿಸುವುದರಿಂದ, ಸಂಕ್ರಾಂತಿ ಈಗ ನಿಜವಾದ ತಿರುವಿಗಿಂತ ಮೂರು ವಾರಕ್ಕೂ ಜಾಸ್ತಿ ತಡವಾಗಿ ಬರುತ್ತದೆ, ಅಷ್ಟೇ.

ನಾಟಕದ ವಿಷಯಕ್ಕೆ ಬರೋಣ. ಸಾಮಾನ್ಯವಾಗಿ ನಡೆಯುವುದು ಇಷ್ಟು: ಎಲ್ಲರೂ ವೃತ್ತವಾಗಿ ನಿಲ್ಲುತ್ತಾರೆ. ನಾಲ್ಕು ದಿಕ್ಕಿಗೂ ತಿರುಗಿ ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು ಅಂತ ನೆನೆಯುತ್ತಾರೆ. ಋತುವಿನ ಬಗ್ಗೆ ಯಾರಾದರೂ ನಾಲ್ಕು ಮಾತಾಡುತ್ತಾರೆ. ರೊಟ್ಟಿ, ಜೇನಿನ ಮದ್ಯ ಹಂಚುತ್ತಾರೆ. ದೇವರ ಹೆಸರು ಕರೆದಾಗ ನಾನು ಬಾಯಿ ಬಿಡುವುದಿಲ್ಲ, ಸುಮ್ನೆ ನಿಂತಿರುತ್ತೇನೆ. ನಂಬದ ಮಾತನ್ನು ಹೇಳಿದರೆ ನಾಟಕ. ಗಾಳಿ, ಬೆಂಕಿ, ನೀರು, ಮಣ್ಣು ಇವೆ ಅನ್ನುವುದರಲ್ಲಿ ನಾಟಕ ಎಲ್ಲಿಂದ ಬಂತು?

ನಾನು ವಿಜಯಪುರದ ಕಡೆಯವನು. ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಅದು ಭೂಮಿತಾಯಿಯ ಪೂಜೆಯೇ, ಇಲ್ಲ ಅನ್ನುವುದಿಲ್ಲ. ಆದರೆ ಚರಗ ಚೆಲ್ಲುವವನ ಕೈ ಹಿಡಿದು 'ನೀನು ಏನನ್ನು ನಂಬುತ್ತೀಯಪ್ಪಾ' ಅಂತ ಯಾರೂ ಕೇಳಿದ್ದಿಲ್ಲ. ಹೋಗಬೇಕು, ಚೆಲ್ಲಬೇಕು, ಕೂತು ಉಣ್ಣಬೇಕು. ಇಲ್ಲಿ ಅದನ್ನೇ ಮಾಡೋಣ ಅಂದರೆ ನನಗೆ ಹೊಲ ಎಲ್ಲಿದೆ? ಇಲ್ಲಿ ಇರುವುದು ಇಲ್ಲಿನ ಬೆಟ್ಟ, ಇಲ್ಲಿನ ಮಳೆ. ಹಾಗಾಗಿ ಇಲ್ಲಿನ ಹಬ್ಬ.

ಒಂದು ಎಚ್ಚರಿಕೆ. 'ಇದು ಐದು ಸಾವಿರ ವರ್ಷದ ಅಖಂಡ ಪರಂಪರೆ' ಅಂತ ಯಾರಾದರೂ ಶುರು ಹಚ್ಚಿದರೆ ತಲೆದೂಗಬೇಡಿ. ವರ್ಷಕ್ಕೆ ಎಂಟು ಹಬ್ಬಗಳ ಈ ಚಕ್ರ ಈಗಿನ ರೂಪಕ್ಕೆ ಬಂದದ್ದು 1950ರ ದಶಕದ ಇಂಗ್ಲೆಂಡಿನಲ್ಲಿ. ಮಲಯಾದಲ್ಲಿ ಕಸ್ಟಮ್ಸ್ ಅಧಿಕಾರಿಯಾಗಿದ್ದು ನಿವೃತ್ತರಾದ ಜೆರಾಲ್ಡ್ ಗಾರ್ಡ್ನರ್ ಮತ್ತು ಆಗಲೇ ಹೇಳಿದ ನಿಕೋಲ್ಸ್ ಇದರ ಹಿಂದಿದ್ದವರು. ಎರಡು ಸಾಲ್‌ಸ್ಟಿಸ್, ಎರಡು ವಿಷುವ ದಿನ, ಜೊತೆಗೆ ಐರ್ಲೆಂಡ್ ಕಡೆಯ ಹಳೆಯ ನಾಲ್ಕು ಹಬ್ಬ, ಎಲ್ಲ ಸೇರಿಸಿ ಹೆಣೆದದ್ದು. ಬಿಡಿ ಹಬ್ಬಗಳಲ್ಲಿ ಕೆಲವು ನಿಜಕ್ಕೂ ಹಳೆಯವು, ಚಕ್ರ ಹೊಸದು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಇತಿಹಾಸಕಾರ ರೊನಾಲ್ಡ್ ಹಟನ್ ಇದನ್ನೆಲ್ಲ ಬಿಡಿಸಿ ತೋರಿಸಿದ್ದಾರೆ, ವಿಶೇಷ ಅಂದರೆ ಪೇಗನ್ನರೇ ಅವರನ್ನು ಗೌರವದಿಂದ ಓದುತ್ತಾರೆ. ಡ್ರೂಯಿಡ್‌ಗಳೇ ಕಟ್ಟಿದ್ದು ಅಂತ ಕೆಲವರು ಹೇಳುವ ಸ್ಟೋನ್‌ಹೆಂಜ್‌ನ ದೊಡ್ಡ ಕಲ್ಲುಗಳು ನಿಂತದ್ದು ಕ್ರಿಸ್ತಪೂರ್ವ 2500ರ ಸುಮಾರಿಗೆ. ಡ್ರೂಯಿಡ್‌ಗಳ ಬಗ್ಗೆ ಬರಹಗಳು ಸಿಗುವುದು ಅದಾಗಿ ಎರಡು ಸಾವಿರ ವರ್ಷಕ್ಕೂ ಮೇಲೆ. ನನಗಂತೂ ಹೊಸದು ಅನ್ನುವುದೇ ಸಮಾಧಾನ. ಮನುಷ್ಯರು ಕಟ್ಟಿದ್ದನ್ನು ನಾನೂ ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಪೇಗನ್ನರ ನೆಚ್ಚಿನ ಊರಾದ ಗ್ಲಾಸ್ಟನ್‌ಬರಿಯ ಹೈ ಸ್ಟ್ರೀಟಿನ ಸ್ಫಟಿಕದ ಅಂಗಡಿಗಳ ಬಗ್ಗೆ ಮಾತ್ರ ಕೇಳಬೇಡಿ. ಕಲ್ಲು ಚೆನ್ನಾಗಿದೆ ಅಂತ ಕೊಳ್ಳಿ, ಕಾಯಿಲೆ ವಾಸಿ ಮಾಡುತ್ತದೆ ಅಂತ ಕೊಳ್ಳಬೇಡಿ.

ಕಷ್ಟ ಇರುವುದು ಬೇರೆ ಕಡೆ. ಆಸ್ಪತ್ರೆಯ ಹೊರಗೆ ಕೂತಾಗ ಮೊರೆಯಿಡಲು ನಮಗೆ ಯಾರೂ ಇಲ್ಲ. ಆಗ ಈ ಹಬ್ಬಗಳು ಯಾವ ಉಪಕಾರಕ್ಕೂ ಬರುವುದಿಲ್ಲ, ಅದನ್ನು ಮುಚ್ಚಿಡಲಾರೆ. ಆಮೇಲೆ ಬರುತ್ತವೆ. ಅಕ್ಟೋಬರ್ 31ರ ಸಾವಿನ್ (Samhain ಅನ್ನುವುದರ ಉಚ್ಚಾರ) ಹಬ್ಬದಲ್ಲಿ ತೀರಿಹೋದವರ ಹೆಸರನ್ನು ಒಬ್ಬೊಬ್ಬರಾಗಿ ಹೇಳಿ, ಒಂದು ತಟ್ಟೆ ಬಡಿಸಿಡುತ್ತೇವೆ. ಅಪ್ಪನ ಹೆಸರನ್ನು ನಾನು ಜೋರಾಗಿ ಹೇಳುತ್ತೇನೆ. ಅವರು ಬಂದು ಉಣ್ಣುತ್ತಾರೆ ಅಂತಲ್ಲ. ವರ್ಷದಲ್ಲಿ ಒಂದು ದಿನವಾದರೂ ಬೇರೆಯವರ ಕಿವಿಗೆ ಆ ಹೆಸರು ಬೀಳಲಿ ಅಂತ.

ಈಗ ನಿಮ್ಮ ಪ್ರಯಾಣ. ಗೆಳತಿಗೆ ಮೊದಲೇ ಹೇಳಿಬಿಡಿ, 'ಬರುತ್ತೇನೆ, ದೇವರನ್ನು ಕರೆಯುವಾಗ ಸುಮ್ಮನಿರುತ್ತೇನೆ' ಅಂತ. ಬಹುತೇಕ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಲ್ಲೇ ಯಾವುದಕ್ಕೂ ಸದಸ್ಯರಾಗಬೇಡಿ, ನಿಮ್ಮ ಊರಿನಲ್ಲಿ ಪಬ್ ಮೂಟ್ ಇದೆಯಾ ನೋಡಿ. ಪಬ್ಬಿನಲ್ಲಿ ಸೇರಿ ಹರಟುವ ಸಭೆ ಅದು, ಹೊಸಬರು ಹೋಗಿ ಒಂದು ಜ್ಯೂಸ್ ಹಿಡಿದು ಕೂತರೂ ನಡೆಯುತ್ತದೆ. ಏವ್‌ಬರಿಯಲ್ಲಿ ಕಲ್ಲುಗಳನ್ನು ಮುಟ್ಟಬಹುದು, ಟಿಕೆಟ್ ಬೇಕಿಲ್ಲ, ವೃತ್ತದ ಒಳಗೇ ಹಳ್ಳಿಯ ಒಂದು ಭಾಗ ಮತ್ತು ಪಬ್ ಇದೆ. ಸಾಲ್‌ಸ್ಟಿಸ್ ದಿನಗಳಲ್ಲಿ ಪಾರ್ಕಿಂಗ್ ನಿಯಮ ಬೇರೆ ಇರುತ್ತದೆ, ಜಾಗವನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್‌ನ ಪುಟ ನೋಡಿಕೊಂಡು ಹೊರಡಿ. ಹುಲ್ಲೆಲ್ಲ ಕೆಸರಾಗಿರುತ್ತದೆ, ಕ್ಯಾನ್ವಾಸ್ ಶೂ ಬೇಡ, ಬೂಟು ಹಾಕಿಕೊಳ್ಳಿ. ಥರ್ಮಾಸಿನಲ್ಲಿ ಚಹಾ ಒಯ್ದರೆ ಪಕ್ಕದವರಿಗೂ ಆಗುವಷ್ಟು ಒಯ್ಯಿರಿ.