ತಪ್ಪು ಮೆದುಳಿನದೋ, ಮನುಷ್ಯನದೋ?

ಪತ್ರ: "ನಾವು ನಿರ್ಧರಿಸುವ ಮೊದಲೇ ಮೆದುಳು ನಿರ್ಧರಿಸಿರುತ್ತದೆ ಎಂದು ಓದಿದೆ. ನಮ್ಮೂರಿನ ಹುಡುಗನೊಬ್ಬ ಬದುವಿನ ಜಗಳದಲ್ಲಿ ಒಬ್ಬರನ್ನು ಕಡಿದು ಜೈಲಿನಲ್ಲಿದ್ದಾನೆ. ಅಪ್ಪ ಕುಡುಕ, ಇವನು ಶಾಲೆಯ ಮುಖ ನೋಡಿಲ್ಲ. ಅವನ ಕೈಯಲ್ಲಿ ಏನಿತ್ತು? ಶಿಕ್ಷೆ ಯಾಕೆ?"
– ಓದುಗರು, ಜಮಖಂಡಿ

ಸಂಪಾದಕರ ಉತ್ತರ:

ನಿಮ್ಮ ಪತ್ರ ನಮ್ಮ ಆಫೀಸಿನಲ್ಲಿ ಒಳ್ಳೆಯ ಜಗಳ ಹಚ್ಚಿತು.

ನೀವು ಓದಿದ್ದು ಅಮೆರಿಕದ ಮೆದುಳು ವಿಜ್ಞಾನಿ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗ ಇರಬೇಕು. ಕೈ ಆಡಿಸಬೇಕು ಅನ್ನಿಸುವ ಮೊದಲೇ, ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಮುಂಚೆ, ಮೆದುಳಿನಲ್ಲಿ ಚಟುವಟಿಕೆ ಶುರುವಾಗಿತ್ತು. ಆದರೆ ಕೊನೇ ಗಳಿಗೆಯಲ್ಲಿ 'ಬೇಡ' ಅನ್ನಲು ನಮಗೆ ಸಮಯ ಉಳಿಯುತ್ತದೆ ಎಂದು ಲಿಬೆಟ್ ಅವರೇ ವಾದಿಸಿದರು. ಸುಮ್ನೆ ಕೈ ಆಡಿಸುವುದು ಬೇರೆ. ಕುಡುಗೋಲು ಮಸೆದು ಬದುವಿನಲ್ಲಿ ಕಾಯುವುದು ಬೇರೆ.

ಕೋರ್ಟು ಕೇಳುವ ಪ್ರಶ್ನೆ ತೀರಾ ಚಿಕ್ಕದು. ಭಾರತೀಯ ನ್ಯಾಯ ಸಂಹಿತೆ ಎಂಬ ಈಗಿನ ಅಪರಾಧ ಕಾನೂನಿನ 22ನೇ ಕಲಂ (ಹಳೆಯ ಐಪಿಸಿಯ 84) ನೋಡಿ. ಬುದ್ಧಿ ಸ್ಥಿಮಿತ ಇಲ್ಲದೆ, ಏನು ಮಾಡುತ್ತಿದ್ದೇನೆ ಎಂದೋ, ಅದು ತಪ್ಪು ಎಂದೋ ಆ ಹೊತ್ತಿಗೆ ತಿಳಿಯುವ ಶಕ್ತಿಯೇ ಇರದಿದ್ದರೆ ಅಪರಾಧ ಇಲ್ಲ. ಅದನ್ನು ತೋರಿಸುವ ಹೊಣೆ ಆರೋಪಿಯದ್ದೇ. ಏಳು ವರ್ಷದೊಳಗಿನ ಮಗುವಿಗೂ ಅಪರಾಧ ಅಂಟದು. ತಪ್ಪೆಂದು ಗೊತ್ತಿದ್ದೂ ತಡೆದುಕೊಳ್ಳಲು ಆಗದವನ ಗತಿ? ನಮ್ಮ ಕಾನೂನು ಅವನಿಗೆ ಮಾಫಿ ಕೊಡುವುದಿಲ್ಲ. ಇದು ಕೊರತೆಯೇ. ಇಲ್ಲಿ ನಾನು ನಿಮ್ಮ ಕಡೆ.

ಆದರೆ 'ಅವನ ಕೈಯಲ್ಲಿ ಏನೂ ಇರಲಿಲ್ಲ' ಎಂಬ ಮಾತು ಯಾವಾಗಲೂ ಕರುಣೆಯದ್ದಲ್ಲ. ಅದನ್ನೇ ನಂಬಿ ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಹುಟ್ಟಿನಿಂದಲೇ ಕಳ್ಳರು ಎಂದು ಇಡೀ ಸಮುದಾಯಗಳ ಹೆಸರು ಬರೆದುಕೊಂಡರು. ನಮ್ಮ ವಿಜಯಪುರದಲ್ಲೂ ಅವರನ್ನು ಕಾವಲಿನಲ್ಲಿ ಇಡುವ ಸೆಟ್ಲಮೆಂಟ್ ಇತ್ತು. ಹಾಜರಿ ಕೊಡಬೇಕು, ಪರವಾನಗಿ ಇಲ್ಲದೆ ಹೊರಗೆ ಹೋಗುವಂತಿಲ್ಲ. ತಪ್ಪು ಮಾಡುವುದೇ ಬೇಡ, ಹುಟ್ಟಿದರೆ ಸಾಕು! ಕಾಯ್ದೆ ಹೋಗಿದ್ದು 1952ರಲ್ಲಿ. ಪೊಲೀಸರ ಸಂಶಯ ಅಷ್ಟು ಬೇಗ ಹೋಯಿತಾ? ಹಾಗಾಗಿ ನಿಮ್ಮ ಹುಡುಗನಿಗೆ 'ಮಾಡಿದ್ದು ನೀನೇ' ಎಂದು ಹೇಳುವುದರಲ್ಲಿ ಅವನಿಗೆ ಒಂದು ಮರ್ಯಾದೆಯೂ ಇದೆ ಅನ್ನುತ್ತೇನೆ. ನೀವು ಒಪ್ಪಲಿಕ್ಕಿಲ್ಲ.

ಅಪ್ಪನ ಕುಡಿತ, ಸಿಗದ ಶಾಲೆ ಲೆಕ್ಕಕ್ಕೆ ಬರಬೇಕಾದ್ದು ಶಿಕ್ಷೆ ಎಷ್ಟು ಎನ್ನುವಾಗ. ಅಪರಾಧದ ಜೊತೆ ಅಪರಾಧಿಯನ್ನೂ ನೋಡಿ ಎಂದು ಸುಪ್ರೀಂ ಕೋರ್ಟ್ 1980ರ ಬಚ್ಚನ್ ಸಿಂಗ್ ತೀರ್ಪಿನಲ್ಲಿ ಹೇಳಿದೆ. ಅದು ಗಲ್ಲಿನ ಕೇಸು, ಆದರೂ ಮಾತು ಉಳಿದವಕ್ಕೂ ಸಲ್ಲುತ್ತದೆ. ತೊಂದರೆ ಏನೆಂದರೆ, ಇದನ್ನೆಲ್ಲ ಜಡ್ಜ್ ಮುಂದೆ ಇಡುವವರೇ ಇರುವುದಿಲ್ಲ. ಜೈಲಿನಲ್ಲಿರುವವನಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ಅವರಿಗೆ ಮನೆಯ ಸ್ಥಿತಿಯ ವಿವರ, ತಲೆಗೆ ಪೆಟ್ಟು ಬಿದ್ದಿದ್ದರೆ ಆಸ್ಪತ್ರೆಯ ಕಾಗದ ಎಲ್ಲ ಈಗಲೇ ಕೊಡಿ. ತೀರ್ಪಿನ ದಿನ ಹುಡುಕುತ್ತಾ ಕೂತರೆ ಆಗದು.